ಆಸ್ಗರನಿಗೆ ನಾನು ಕಲಿಸಿದ್ದು

ಓರ್ಹುಸ್ ನಗರದಲ್ಲಿ ಆಸ್ಗರ್ ಬ್ರೋದರ್ಸನ್ ಎಂಬುವನೊಬ್ಬನಿದ್ದಾನೆ. ಬದುಕುವುದು ಹೇಗೆಂದು ಅವನಿಗೆ ನಾನು ಕಲಿಸಿದೆನಂತೆ. ಹಾಗೆಂದು ಸಾವಿರಾರು ಜನರಿಗೆ ಹೇಳಿದ್ದಾನೆ, ಸಾವಿರಾರು ಜನ ನಂಬಿದ್ದಾರೆ. ನಾನು ಅವನಿಗೆ ಕಲಿಸಿದ್ದು ಲೆಟ್ಯೂಸ್ ಸೊಪ್ಪು ತಿನ್ನುವ ಬಸವನಹುಳುವನ್ನು ಕತ್ತರಿಯಿಂದ ಎರಡು ತುಂಡು ಮಾಡುವುದನ್ನು. ಅದನ್ನೂ ಅವನು ಮಾಡಲಿಲ್ಲ.

ನನ್ನ ಹೆಸರು ಯುಟ್ಟೆ. ಮೋರ್ಸ್ ದ್ವೀಪದ ನಮ್ಮೂರ ಚರ್ಚಿನ ಸಮಾಧಿ ತೋಟದಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿದೆ. ಬೇಲಿಗಿಡ ಕತ್ತರಿಸುವುದು, ಕಾಲುದಾರಿಯ ಜಲ್ಲಿ ಎಳೆದು ಸಮ ಮಾಡುವುದು, ಕಳೆ ಕೀಳುವುದು, ನವೆಂಬರ್ ಬಂತೆಂದರೆ ಹಿಮ ಬೀಳುವ ಮೊದಲು ಗೋರಿಗಳ ಮೇಲೆ ಸ್ಪ್ರೂಸ್ ಮರದ ಹಸಿರು ಕೊಂಬೆ ಹೊದಿಸುವುದು, ಇಷ್ಟೇ ನನ್ನ ಕೆಲಸ. ಸತ್ತವರ ನಡುವೆ ದುಡಿದವಳಿಗೆ ಏನೋ ದೊಡ್ಡ ಸತ್ಯ ಗೊತ್ತಿರುತ್ತದೆ ಎಂದು ಪೇಟೆಯ ಜನ ತಿಳಿಯುತ್ತಾರೆ. ಮೂವತ್ತೊಂದು ವರ್ಷದಲ್ಲಿ ನನಗೆ ದಕ್ಕಿದ್ದು ಮಂಡಿನೋವು, ಮತ್ತೆ ಯಾವ ಮನೆಯವರು ಹೂವಿಗೆ ನೀರು ಹಾಕದೆ ಸುಳ್ಳು ಹೇಳುತ್ತಾರೆ ಎಂಬ ತಿಳಿವಳಿಕೆ.

ಕೆಲಸ ಬಿಟ್ಟ ಮೇಲೆ ಸೊಂಟದ ಆಪರೇಷನ್ ಆಯಿತು. ಮನೆಯಲ್ಲೇ ಕೂರಬೇಕಾಯಿತು. ಪಕ್ಕದ ಮನೆಯ ಏಗೊನ್, ಹಂದಿ ಸಾಕಣೆ ಮಾಡಿ ಸುಸ್ತಾಗಿ ಮಾರಿ ಕೂತಿದ್ದವನು, ತನ್ನ ಹಳೆಯ ಟ್ಯಾಬ್ಲೆಟ್ ತಂದುಕೊಟ್ಟ. ಅದರಲ್ಲಿ ತೋಟ ಮಾಡುವವರ ಒಂದು ಗುಂಪು. ದೇಶದ ತುಂಬ ಹಬ್ಬಿದ ಆ ದೊಡ್ಡ ಕಂದು ಬಸವನಹುಳುಗಳ ಬಗ್ಗೆ ದಿನವೂ ನೂರು ಗೋಳು. ಚಿಪ್ಪಿಲ್ಲದ, ಬೆರಳುದ್ದದ ಅಸಹ್ಯ ಪ್ರಾಣಿ. ಒಂದು ಮೇ ತಿಂಗಳಲ್ಲಿ ಆಸ್ಗರ್ ಎಂಬುವನು ಅಲ್ಲಿ ಕೇಳಿದ್ದ: ‘ಅವುಗಳಿಗೆ ನೋವಾಗದ ಹಾಗೆ ನನ್ನ ಲೆಟ್ಯೂಸನ್ನು ಉಳಿಸಿಕೊಳ್ಳುವುದು ಹೇಗೆ?’

ನಾನು ಬರೆದೆ: ‘ಆಗುವುದಿಲ್ಲ. ಬೆಳಗ್ಗೆ ಬೇಗ ಎದ್ದು ಕತ್ತರಿಯಿಂದ ಕತ್ತರಿಸು. ತಲೆಯ ಹತ್ತಿರ.’

ಹತ್ತು ನಿಮಿಷದಲ್ಲಿ ನನಗೊಬ್ಬಳಿಗೇ ಅವನ ಪತ್ರ. ಇಷ್ಟು ನೇರವಾಗಿ ಯಾರೂ ತನ್ನೊಂದಿಗೆ ಮಾತಾಡಿಲ್ಲವಂತೆ. ಎದೆಗೆ ತಟ್ಟಿತಂತೆ. ನಾನು ಯಾರು, ನನ್ನ ವಯಸ್ಸೆಷ್ಟು, ಏನು ಮಾಡಿಕೊಂಡಿದ್ದೆ ಎಂದೆಲ್ಲ ಕೇಳಿದ. ಹೇಳಿದೆ. ಸಮಾಧಿ ತೋಟ ಎಂದದ್ದೇ ತಪ್ಪಾಯಿತು.

ಆಗ ಅವನಿಗೆ ಮೂವತ್ನಾಲ್ಕು. ರಾಂದರ್ಸ್‌ನಲ್ಲಿ ಬೆಳೆದವನು, ಒಬ್ಬನೇ ಮಗ. ಅವನು ಗೀಚಿದ್ದನ್ನೆಲ್ಲ ಅಪ್ಪ ಅಮ್ಮ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದರು. ಇದು ಅವನೇ ಹೇಳಿದ್ದು, ಹೆಮ್ಮೆಯಿಂದ. ನಗರಸಭೆಯ ಕಚೇರಿಯಲ್ಲಿ ಕೆಲಸ. ಏನು ಕೆಲಸವೆಂದು ಮೂರು ಸಲ ಕೇಳಿದ ಮೇಲೆ ಗೊತ್ತಾಯಿತು: ಉಳಿದ ನೌಕರರು ನೆಮ್ಮದಿಯಾಗಿದ್ದಾರೆಯೇ ಎಂದು ವಿಚಾರಿಸುವುದು. ಇದಕ್ಕೆ ಸಂಬಳ ಇದೆ. ಮದುವೆಯಾಗಿತ್ತು. ಹೆಂಡತಿ ಟಿಲ್ಡೆ ಊರಿನ ಬಸ್ ಓಡಿಸುತ್ತಾಳೆ ಎಂದು ಒಂದೇ ಒಂದು ಸಲ ಬರೆದಿದ್ದ. ಆಮೇಲೆ ಅವಳ ಮಾತೇ ಇಲ್ಲ.

ದಿನಕ್ಕೊಂದು ಪತ್ರ ಬರತೊಡಗಿತು. ಭಯವಾದಾಗ ಏನು ಮಾಡುತ್ತೀರಿ? ಒಂಟಿತನವನ್ನು ಹೇಗೆ ಪ್ರೀತಿಸಬೇಕು? ಸಾವಿಗೆ ಸಿದ್ಧರಿದ್ದೀರಾ? ಆಲೂಗಡ್ಡೆ ಒಲೆಯ ಮೇಲಿದೆ, ಇನ್ನೂ ಹತ್ತು ನಿಮಿಷ ಬೇಯಬೇಕು, ಆಮೇಲೆ ಬರೆಯುತ್ತೇನೆ ಎಂದು ನಾನು ಉತ್ತರಿಸಿದರೆ ‘ಆಹಾ, ತಾಳ್ಮೆ!’ ಎಂದು ಬರೆಯುತ್ತಿದ್ದ.

ಇಪ್ಪತ್ತು ವರ್ಷ ನನ್ನ ಜೊತೆಗಿದ್ದು, ಥೀಸ್ತದ್ ಪೇಟೆಯ ಕ್ಷೌರದಂಗಡಿಯವಳ ಹಿಂದೆ ಹೋದ ಪೌಲ್ ಬಗ್ಗೆಯೂ ಕೇಳಿದ. ಅವನನ್ನು ಕ್ಷಮಿಸಿದ್ದು ಹೇಗೆ ಎಂದು. ಕ್ಷಮಿಸಿಲ್ಲ, ಅವನು ಮೀನು ಹಿಡಿಯಲು ಹಾಕಿಕೊಳ್ಳುತ್ತಿದ್ದ ತೊಡೆಯುದ್ದದ ರಬ್ಬರ್ ಬೂಟುಗಳನ್ನು ದ್ವೀಪದ ಸುತ್ತಲಿನ ಫ್ಯೋರ್ಡಿನ ಕಡಲನೀರಿಗೆ ಎಸೆದೆ ಎಂದೆ. ‘ಭಾರವಾದದ್ದನ್ನು ನೀರಿಗೆ ಬಿಡಬೇಕು’ ಎಂದು ಅವನು ಬರೆದುಕೊಂಡ. ಆ ಬೂಟು ಒಳ್ಳೆಯ ಬೂಟು. ಎಸೆದದ್ದಕ್ಕೆ ಈಗಲೂ ಬೇಜಾರಿದೆ.

ಇಷ್ಟೆಲ್ಲ ಗೊತ್ತಿದ್ದೂ ಯಾಕೆ ಉತ್ತರ ಬರೆಯುತ್ತಿದ್ದೆ? ಹೇಳಿಬಿಡುತ್ತೇನೆ. ಎಪ್ಪತ್ತೆರಡು ವರ್ಷ ನನ್ನ ಅಭಿಪ್ರಾಯವನ್ನು ಯಾರೂ ಕೇಳಿರಲಿಲ್ಲ. ಪಾದ್ರಿ ಕೇಳಿರಲಿಲ್ಲ, ಪೌಲ್ ಕೇಳಿರಲಿಲ್ಲ. ಪೇಟೆಯ ಓದಿದ ಗಂಡಸೊಬ್ಬ ಬೆಳಗಾದರೆ ಕೇಳುತ್ತಾನೆಂದರೆ ಯಾರಿಗೆ ಬೇಡ? ಕಾಫಿ ಹಿಡಿದು ಟ್ಯಾಬ್ಲೆಟ್ ತೆರೆಯುವಾಗ ಕೂದಲು ಸರಿಮಾಡಿಕೊಳ್ಳುತ್ತಿದ್ದೆ. ಅವನಿಗೆ ಕಾಣುತ್ತಿರಲಿಲ್ಲ, ಆದರೂ. ಆ ಹೊತ್ತಿನ ನನ್ನನ್ನು ನೆನೆಸಿಕೊಂಡರೆ ಅವನ ಮೇಲಿರುವಷ್ಟೇ ತಿರಸ್ಕಾರ ನನ್ನ ಮೇಲೂ ಬರುತ್ತದೆ.

ಮರುವರ್ಷದ ಆಗಸ್ಟ್‌ನಲ್ಲಿ ಏಗೊನ್ ನಗುತ್ತ ಹಿತ್ತಲ ಬಾಗಿಲಿಗೆ ಬಂದ. ಕೈಯಲ್ಲಿ ಹೊಸ ಟ್ಯಾಬ್ಲೆಟ್.

‘‘ಯುಟ್ಟೆ, ನಿಮ್ಮನೇಲಿ ಬೆಂಚ್ ಇದ್ಯೇನೇ?’’

‘‘ಯಾವ ಬೆಂಚು? ಕುರ್ಚಿ ಇದೆ, ಬೇಕಾದ್ರೆ ಕೂತ್ಕೋ.’’

‘‘ಇಲ್ಲ, ನೀನು ದಿನಾ ಸಂಜೆ ಬೆಂಚ್ ಮೇಲೆ ಕೂತು ಫ್ಯೋರ್ಡ್ ನೋಡ್ತಾ ಜನಕ್ಕೆ ದಾರಿ ತೋರಿಸ್ತೀಯಂತಲ್ಲ! ಹನ್ನೊಂದು ಸಾವಿರ ಜನ ಕಾಯ್ತಿದಾರೆ ನಿನ್ನ ಮಾತಿಗೆ. ನಾನು ನಲವತ್ತು ವರ್ಷದಿಂದ ಪಕ್ಕದಲ್ಲೇ ಇದೀನಿ, ನಂಗೆ ಮಾತ್ರ ಕಸದ ಡಬ್ಬಿ ಸರಿಯಾಗಿಡು ಅಂತೀಯ.’’

‘ಯುಟ್ಟೆಯ ಬೆಂಚು’ ಎಂದು ಆ ಪುಟದ ಹೆಸರು. ಮೇಲೆ ನನ್ನ ಫೋಟೊ, ಗುಂಪಿನಿಂದ ಎತ್ತಿಕೊಂಡದ್ದು. ತಲೆಗೆ ಹಳೆಯ ಟೋಪಿ, ಕೈಯಲ್ಲಿ ಕಳೆ ಕೀಳುವ ಕುಡುಗೋಲು. ಭಾನುವಾರಕ್ಕೊಂದು ಪಾಠ. ಬಸವನಹುಳುವಿನ ಪಾಠ ಇತ್ತು: ‘ನಿನ್ನನ್ನು ತಿನ್ನುವುದನ್ನು ಮುಂಜಾನೆಯ ಬೆಳಕಿನಲ್ಲಿ ನೇರವಾಗಿ ನೋಡು.’ ಆಲೂಗಡ್ಡೆ ಇತ್ತು. ಬೂಟು ಇತ್ತು. ನಾನು ಹೇಳದೇ ಇದ್ದದ್ದೂ ಬೇಕಾದಷ್ಟಿತ್ತು. ಏಗೊನ್ ಒಂದೊಂದನ್ನೇ ಪಾದ್ರಿಯ ದನಿಯಲ್ಲಿ ಓದಿದ. ನಗು ತಡೆಯಲಾಗದೆ ಅಡುಗೆಮನೆಯ ಮೇಜಿಗೆ ಒರಗಿದ.

ಅವತ್ತೇ ಆಸ್ಗರನಿಗೆ ಫೋನ್ ಮಾಡಿದೆ. ಅವನ ದನಿ ಕೇಳಿದ್ದು ಅದೇ ಮೊದಲು. ಮೆತ್ತಗಿನ ದನಿ. ಯಾರನ್ನೋ ನಿದ್ದೆ ಮಾಡಿಸುತ್ತಿರುವವನ ಹಾಗೆ.

‘‘ಯುಟ್ಟೆ! ನೀವೇ! ನಂಬೋಕಾಗ್ತಿಲ್ಲ.’’

‘‘ನನ್ನ ಫೋಟೊ ತೆಗಿ.’’

‘‘ನಿಮ್ಮ ಬೇಸರ ಅರ್ಥ ಆಗತ್ತೆ. ಆದ್ರೆ ನಿಮ್ಮ ಮಾತು ಈಗ ನಿಮ್ಮೊಬ್ಬರದೇ ಅಲ್ಲ. ಅದು ಜನರದ್ದು.’’

‘‘ಮಾತು ಹೆಂಗಾದ್ರೂ ಹಾಳಾಗ್ಲಿ, ಮುಖ ನಂದು. ತೆಗಿ ಅಂದೆ.’’

‘‘ಖಂಡಿತ. ಗಡಿ ಹಾಕೋದು ಎಷ್ಟು ಮುಖ್ಯ ಅಂತ ಇವತ್ತು ನೀವು ನಂಗೆ ಕಲಿಸಿದ್ರಿ.’’

ಮರುದಿನ ಫೋಟೊ ಹೋಯಿತು. ಅದರ ಜಾಗಕ್ಕೆ ಯಾರೋ ಬೇರೆ ಮುದುಕಿ ಬಂದಳು. ಬೆಳ್ಳಿ ಕೂದಲು, ಹುಲ್ಲಿನ ಅಂದವಾದ ಟೋಪಿ, ಮೊಣಕಾಲ ಮೇಲೆ ಬೆಕ್ಕು. ಹೆಸರು ಮಾತ್ರ ಯುಟ್ಟೆ ಎಂದೇ ಉಳಿಯಿತು. ಆಮೇಲೆ ಇನ್ನೂ ಮೂರು ಸಾವಿರ ಜನ ಸೇರಿದರು. ಏಗೊನ್ ಹೇಳಿದ, ‘‘ಬೇಜಾರ್ ಮಾಡ್ಕೋಬೇಡ ಕಣೇ. ಅವಳೇ ನಿನಗಿಂತ ಚೆನ್ನಾಗಿದಾಳೆ.’’

ಅಕ್ಟೋಬರ್‌ನಲ್ಲಿ ವೀಬೊರ್ ಪೇಟೆಯ ಒಂದು ಸಭಾಂಗಣದಲ್ಲಿ ಅವನ ಭಾಷಣವೆಂದು ಗೊತ್ತಾಯಿತು. ‘ಹಿರಿಯ ಗೆಳತಿಯಿಂದ ನಾನು ಕಲಿತದ್ದು.’ ನನಗೆ ಒಂದು ಮಾತೂ ತಿಳಿಸಿರಲಿಲ್ಲ. ಏಗೊನ್ ಕಾರು ತೆಗೆದ. ಚರ್ಚಿಗೆ ಹಾಕುವ ಕೋಟು ಹಾಕಿಕೊಂಡು ಹೋದೆ, ಹಿಂದಿನ ಸಾಲಿನಲ್ಲಿ ಕೂತೆ.

ಸಭೆ ತುಂಬಿತ್ತು, ಹೆಚ್ಚಿನವರು ಹೆಂಗಸರು. ಆಸ್ಗರ್ ನೋಡಲು ಚೆನ್ನಾಗಿದ್ದ. ಮೈಮೇಲೆ ಕೈಹೆಣಿಗೆಯ ದಪ್ಪ ಸ್ವೆಟರ್, ಮೀನುಗಾರರು ಹಾಕುವಂಥದ್ದು. ಕೈಗಳು ಮಾತ್ರ ಹಾಲಿನಲ್ಲಿ ತೊಳೆದಂತಿದ್ದವು. ನನ್ನ ಮಾತು ಬಂದಾಗಲೆಲ್ಲ ಕಣ್ಣು ಮುಚ್ಚುತ್ತಿದ್ದ. ಮೋರ್ಸ್‌ನ ಗಾಳಿಯಲ್ಲಿ ನನ್ನ ಪಕ್ಕ ಕೂತು ಗಂಟೆಗಟ್ಟಲೆ ಮೌನವಾಗಿದ್ದೆ ಎಂದ. ದ್ವೀಪಕ್ಕೆ ಅವನು ಕಾಲಿಟ್ಟಿರಲೇ ಇಲ್ಲ. ಎದುರಿನ ಸಾಲಿನ ಹೆಂಗಸೊಬ್ಬಳು ಅಳುತ್ತಿದ್ದಳು.

ಕೊನೆಗೆ ಪ್ರಶ್ನೆ ಕೇಳಿ ಎಂದರು. ನಾನು ಕೈ ಎತ್ತಿದೆ.

‘‘ಆ ಯುಟ್ಟೆ ನಿಮ್ಮನ್ನ ಯಾವತ್ತಾದ್ರೂ ಏನಾದ್ರೂ ಕೇಳಿದ್ದುಂಟಾ?’’

ಅವನು ನನ್ನನ್ನೇ ನೋಡಿದ. ಗುರುತು ಸಿಗಲಿಲ್ಲ. ನಿಧಾನವಾಗಿ ನಕ್ಕ. ‘‘ಇಲ್ಲ. ಅದೇ ಅವರ ದೊಡ್ಡತನ. ಅವರಿಗೆ ಏನೂ ಬೇಕಾಗಿಲ್ಲ.’’ ಚಪ್ಪಾಳೆ.

ಜನ ಕರಗುತ್ತಿರುವಾಗ ಸಾಲಿನಲ್ಲಿ ನಿಂತು ಅವನ ಮುಂದೆ ಹೋದೆ. ‘‘ನಾನು ಯುಟ್ಟೆ’’ ಅಂದೆ.

ಅವನು ನನ್ನ ಎರಡೂ ಕೈ ಹಿಡಿದುಕೊಂಡ. ಕಣ್ಣು ತುಂಬಿತ್ತು. ‘‘ಹೌದು,’’ ಅಂದ, ‘‘ನಮ್ಮೆಲ್ಲರ ಒಳಗೂ ಒಬ್ಬ ಯುಟ್ಟೆ ಇದಾಳೆ.’’

ಏಗೊನ್ ನನ್ನ ಹಿಂದೆ ಕೆಮ್ಮತೊಡಗಿದ. ಅದು ಕೆಮ್ಮಲ್ಲವೆಂದು ನನಗೆ ಗೊತ್ತಿತ್ತು.

‘‘ನಿನ್ನೊಳಗಿಲ್ಲ ಕಣಯ್ಯಾ, ಇಲ್ಲಿ ನಿಂತಿದೀನಿ. ಮೋರ್ಸ್‌ನವಳು. ಫೋಟೊ ತೆಗಿ ಅಂತ ಫೋನ್ ಮಾಡಿದ್ನಲ್ಲ, ಅವಳು.’’

ಅವನ ಮುಖ ಒಂದು ಕ್ಷಣ ಬಿಳುಚಿತು. ಆಮೇಲೆ ಎಷ್ಟು ಬೇಗ ಸುಧಾರಿಸಿಕೊಂಡನೆಂದರೆ ಮೆಚ್ಚಬೇಕು. ‘ಯುಟ್ಟೆ!’ ಎಂದು ಕೂಗಿ ನನ್ನನ್ನು ಅಪ್ಪಿಕೊಂಡ, ಯಾರ ಕೈಗೋ ಫೋನ್ ಕೊಟ್ಟು ಫೋಟೊ ತೆಗೆಸಿದ. ಕಿವಿಯ ಹತ್ತಿರ ಬಾಯಿಟ್ಟು, ‘‘ಯಾವಾಗ ಬೇಕಾದ್ರೂ ಕರೀರಿ, ಓಡಿ ಬರ್ತೀನಿ’’ ಅಂದ. ಅಷ್ಟರಲ್ಲಿ ಮುಂದಿನವಳ ಸರದಿ ಬಂತು.

ಗೋಡೆಯ ಪಕ್ಕ ಒಬ್ಬಳು ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದಳು. ಗಿಡ್ಡ ಕೂದಲು, ಅಗಲ ಭುಜ. ನನ್ನನ್ನು ನೋಡಿ ಕೇಳಿದಳು, ‘‘ನಿಮಗೆ ಕಾಫಿ ಸಿಕ್ತಾ?’’

‘‘ಇಲ್ಲ.’’

ಫ್ಲಾಸ್ಕ್‌ನ ತಳದಲ್ಲಿದ್ದದ್ದನ್ನು ಬಗ್ಗಿಸಿ ಕೊಟ್ಟಳು. ‘‘ನಾನು ಟಿಲ್ಡೆ, ಅವನ ಹೆಂಡ್ತಿ. ತಣ್ಣಗಾಗಿದೆ, ಬೇಜಾರ್ ಮಾಡ್ಕೋಬೇಡಿ.’’ ಆ ಸಂಜೆ ನನ್ನನ್ನು ಏನಾದರೂ ಕೇಳಿದವಳು ಅವಳೊಬ್ಬಳೇ.

ನವೆಂಬರ್ ಎರಡನೆಯ ವಾರ ನಾನು ಬಿದ್ದೆ. ನಿವೃತ್ತಿಯಾದರೂ ಹನ್ನೆರಡು ಗೋರಿಗಳಿಗೆ ಕೊಂಬೆ ಹೊದಿಸುವ ಕೆಲಸ ನಾನೇ ಇಟ್ಟುಕೊಂಡಿದ್ದೆ. ಅವರ ಮನೆಯವರು ದೂರದಲ್ಲಿದ್ದಾರೆ, ಮಾತು ಕೊಟ್ಟಿದ್ದೆ. ಕೊಂಬೆ ತುಂಬಿದ ಟ್ರೇಲರ್ ಹತ್ತಿ ಹಗ್ಗ ಬಿಚ್ಚುವಾಗ ಕಾಲು ಜಾರಿತು. ಬಲಗೈ ಮಣಿಕಟ್ಟು ಮುರಿಯಿತು, ಪಾದ ಊದಿಕೊಂಡಿತು. ಆಸ್ಪತ್ರೆಯವರು ಪ್ಲಾಸ್ಟರ್ ಹಾಕಿ ಕಳಿಸಿದರು. ಕೊಂಬೆಗಳು ಟ್ರೇಲರ್‌ನಲ್ಲೇ ಉಳಿದವು. ಡಿಸೆಂಬರ್‌ಗೆ ಮೊದಲು ಹೊದಿಸದಿದ್ದರೆ ಚೆನ್ನಾಗಿರುವುದಿಲ್ಲ, ಬೋಳು ಗೋರಿ ನೋಡಲಾಗುವುದಿಲ್ಲ. ಏಗೊನ್‌ಗೆ ಬೆನ್ನು ಬಗ್ಗುವುದಿಲ್ಲ.

ಆಗ ಅನ್ನಿಸಿತು: ಒಂದೂವರೆ ವರ್ಷ ನನ್ನನ್ನು ಹಿಂಡಿಕೊಂಡ ಮನುಷ್ಯ ಎರಡು ದಿನ ಕೊಂಬೆ ಹೊರಲಾರನೇ? ಎಡಗೈ ಬೆರಳಿನಿಂದ ಒಂದೊಂದೇ ಅಕ್ಷರ ಒತ್ತಿ ಬರೆದೆ. ‘ಆಸ್ಗರ್, ಕೈ ಮುರಿದಿದೆ. ಹನ್ನೆರಡು ಗೋರಿ ಬಾಕಿ ಇದೆ. ಶನಿವಾರ, ಭಾನುವಾರ ಬಾ. ಕೈಗವಸು ತಾ. ಊಟ ನಾನು ಹಾಕುತ್ತೇನೆ.’

ಉತ್ತರ ಬರಲು ಒಂದು ದಿನ ಹಿಡಿಯಿತು. ಉದ್ದವಾಗಿತ್ತು. ಆ ಬೀಳುವಿಕೆ ನನಗೆ ಏನನ್ನೋ ಹೇಳಲು ಬಂದಿದೆಯಂತೆ. ಇಷ್ಟು ವರ್ಷ ಸತ್ತವರನ್ನು ಹೊದಿಸಿದ ಕೈಗೆ ಈಗ ವಿಶ್ರಾಂತಿ ಬೇಕಂತೆ. ತಾನು ಬಂದು ಕೆಲಸ ಮುಗಿಸಿಬಿಟ್ಟರೆ ಆ ವಿಶ್ರಾಂತಿಯ ಪಾಠವನ್ನು ನನ್ನಿಂದ ಕಸಿದಂತಾಗುತ್ತದಂತೆ. ಕೊನೆಗೆ ಒಂದು ಕೆಂಪು ಹೃದಯ.

ಏಗೊನ್‌ಗೆ ಓದಿ ಹೇಳಿದೆ. ಅವನು ಆ ಸಲ ನಗಲಿಲ್ಲ. ‘‘ನನ್ನ ಹಂದಿಗಳೂ ಇದಕ್ಕಿಂತ ಮೇಲು,’’ ಅಂದ.

ಇಷ್ಟಕ್ಕೇ ಮುಗಿಯಲಿಲ್ಲ. ಶುಕ್ರವಾರ ಪುಟದಲ್ಲಿ ಹೊಸ ಪಾಠ ಬಂತು, ಭಾನುವಾರದವರೆಗೂ ಕಾಯಲಾಗಲಿಲ್ಲ ಅವನಿಗೆ. ‘ಸಹಾಯ ಕೇಳುವುದು ಧೈರ್ಯ.’ ನಾನು ಬರೆದ ಸಾಲುಗಳನ್ನೇ ಇದ್ದ ಹಾಗೇ ಎತ್ತಿ ಹಾಕಿದ್ದ, ಕೈಗವಸಿನ ಮಾತಿನ ಸಮೇತ. ನೂರಾರು ಜನ ಮೆಚ್ಚಿದ್ದರು. ‘ಎಂಥ ಹೆಂಗಸು!’ ಎಂದು ಬರೆದಿದ್ದರು. ಹೋಗಿ ಸಹಾಯ ಮಾಡಿದೆಯಾ ಎಂದು ಅವನನ್ನು ಒಬ್ಬರೂ ಕೇಳಿರಲಿಲ್ಲ.

ಶನಿವಾರ ಬೆಳಗ್ಗೆ ಹತ್ತಕ್ಕೆ ಬಾಗಿಲು ಬಡಿದ ಸದ್ದು. ಟಿಲ್ಡೆ. ಬೆನ್ನಿಗೆ ಚೀಲ, ಕೈಗೆ ದಪ್ಪ ಕೈಗವಸು, ಜೇಬಿನಲ್ಲಿ ಕೊಂಬೆ ಕತ್ತರಿ.

‘‘ಪುಟದಲ್ಲಿ ಓದಿದೆ,’’ ಅಂದಳು. ‘‘ಅವನೇನೂ ಹೇಳ್ಲಿಲ್ಲ. ಚರ್ಚ್ ಕಚೇರಿಗೆ ಫೋನ್ ಮಾಡಿ ವಿಳಾಸ ತಗೊಂಡೆ. ಬಸ್ಸಲ್ಲಿ ಬಂದೆ. ಬೇರೆಯವ್ರು ಓಡಿಸೋ ಬಸ್ಸಲ್ಲಿ ಕೂತು ಎಷ್ಟು ದಿನ ಆಗಿತ್ತು! ಬ್ರೇಕ್ ಹಾಕಿದಾಗೆಲ್ಲ ನನ್ನ ಕಾಲೂ ಒತ್ತುತ್ತಿತ್ತು.’’

ಏಗೊನ್ ನನ್ನನ್ನು ಕಾರಿನಲ್ಲಿ ಸಮಾಧಿ ತೋಟಕ್ಕೆ ಬಿಟ್ಟ. ಕುರ್ಚಿ ಹಾಕಿಸಿಕೊಂಡು ಕಾಲು ಚಾಚಿ ಕೂತೆ. ಟಿಲ್ಡೆ ಕೆಲಸ ಶುರು ಮಾಡುವ ಮೊದಲು ನನ್ನ ಕಡೆ ತಿರುಗಿದಳು.

‘‘ಒಂದು ಮಾತು. ದಯವಿಟ್ಟು ನಂಗೆ ಯಾವ ಪಾಠನೂ ಹೇಳ್ಬೇಡಿ.’’

‘‘ಹೇಳಲ್ಲ. ಆ ಕೊಂಬೆ ಮಗುಚಿ ಇಡು. ಹೊಳೆಯೋ ಮಗ್ಗುಲು ಮೇಲೆ ಬರ್ಬೇಕು.’’

ಅವಳು ಮಗುಚಿ ಇಟ್ಟಳು. ಚುರುಕು ಕೈ. ಮೂರನೆಯ ಗೋರಿಯ ಹೊತ್ತಿಗೆ ನಾನು ಹೇಳಬೇಕಾದ್ದೇ ಉಳಿಯಲಿಲ್ಲ. ಅಂಚಿಗೆ ಚಿಕ್ಕ ಕೊಂಬೆ, ನಡುವೆ ದೊಡ್ಡದು, ಕಲ್ಲಿನ ಬುಡಕ್ಕೆ ಪಾಚಿ. ಮಧ್ಯಾಹ್ನ ಮನೆಗೆ ಬಂದು ರೈ ಬ್ರೆಡ್ಡಿನ ಮೇಲೆ ಲಿವರ್ ಪೇಸ್ಟ್ ಸವರಿ, ಉಪ್ಪಿನಕಾಯಿ ಬೀಟ್‌ರೂಟ್ ಇಟ್ಟು ಕೊಟ್ಟೆ. ಎಡಗೈಯಿಂದ ಸವರಿದ್ದು, ಮೇಜೆಲ್ಲ ಆಯಿತು. ಅವಳು ನಾಲ್ಕು ತುಂಡು ತಿಂದಳು.

ಆಮೇಲೆ ಚಿಕ್ಕ ಗೋರಿಯ ಸರದಿ ಬಂತು. ಹನ್ನೆರಡರಲ್ಲಿ ಅದೊಂದು ಮಗುವಿನದು, ಕಲ್ಲಿನ ಮೇಲೆ ಒಂದು ಹೆಸರು, ಒಂದೇ ದಿನಾಂಕ. ಟಿಲ್ಡೆ ಅದರ ಮುಂದೆ ಮಂಡಿಯೂರಿದವಳು ಏಳಲಿಲ್ಲ. ಕೊಂಬೆ ಜೋಡಿಸುತ್ತಲೇ ಮಾತಾಡಿದಳು, ನನ್ನ ಕಡೆ ತಿರುಗದೆ.

‘‘ಏಪ್ರಿಲ್‌ನಲ್ಲಿ ನಂಗೂ ಹೀಗಾಯ್ತು. ಹೊಟ್ಟೇಲಿ ಐದು ತಿಂಗಳಾಗಿತ್ತು.’’

ಎಡಗೈಯಿಂದ ಇನ್ನೊಂದು ಕೊಂಬೆ ಅವಳತ್ತ ಚಾಚಿದೆ.

‘‘ಆ ಭಾನುವಾರ ಅವನು ನಿಮ್ಮ ಮಾತು ಹಾಕಿದ್ದ. ‘ಏನೂ ಹೇಳಬೇಡ. ಊಟ ತೆಗೆದುಕೊಂಡು ಹೋಗು. ಪಕ್ಕದಲ್ಲಿ ಕೂತುಕೋ. ಪಾತ್ರೆ ತೊಳೆದಿಟ್ಟು ಬಾ.’ ಎಲ್ಲಕ್ಕಿಂತ ಜಾಸ್ತಿ ಜನ ಓದಿದ್ದು ಅದೇ. ನಾನು ಮಲಗಿದ್ದೆ. ಅವನು ಪಕ್ಕದ ಕೋಣೇಲಿ ಕೂತು ಬಂದ ಉತ್ತರಗಳಿಗೆಲ್ಲ ಒಂದೊಂದಾಗಿ ಥ್ಯಾಂಕ್ಸ್ ಬರೀತಿದ್ದ. ಮಧ್ಯಾಹ್ನ ನಾನೇ ಎದ್ದು ಮೊಟ್ಟೆ ಬೇಯಿಸ್ಕೊಂಡೆ.’’

ನನಗೆ ನೆನಪಾಯಿತು. ಏಪ್ರಿಲ್‌ನಲ್ಲಿ ಅವನು ಕೇಳಿದ್ದ, ಮಗು ಕಳೆದುಕೊಂಡವರ ಹತ್ತಿರ ಹೇಗೆ ಮಾತಾಡಬೇಕು ಎಂದು. ಅವನ ಪ್ರಶ್ನೆಗಳು ಯಾವಾಗಲೂ ಹಾಗೇ, ಯಾರ ಬಗ್ಗೆಯೂ ಅಲ್ಲದವು. ಇದೂ ಅಂಥದ್ದೇ ಎಂದುಕೊಂಡಿದ್ದೆ. ಅವನಿಗೆ ನಾನು ಬರೆದ ಮಾತುಗಳಲ್ಲಿ ನಿಜಕ್ಕೂ ಅನುಭವದಿಂದ ಬಂದದ್ದು ಅದೊಂದೇ. ಆ ಸಣ್ಣ ಗೋರಿಗಳ ಹತ್ತಿರ ಬಂದು ನಿಲ್ಲುವವರನ್ನು ಮೂವತ್ತೊಂದು ವರ್ಷ ನೋಡಿ ತಿಳಿದದ್ದು. ಅದನ್ನು ತೆಗೆದುಕೊಂಡು ಹೋಗಿ ಊರಿಗೆಲ್ಲ ಹಂಚಿದ. ಒಂದು ಗೋಡೆಯಾಚೆ ಮಲಗಿದ್ದವಳಿಗೆ ಒಂದು ತಟ್ಟೆ ಊಟ ತಂದಿಡಲಿಲ್ಲ.

‘‘ನಂಗೆ ಗೊತ್ತಿರ್ಲಿಲ್ಲ ಟಿಲ್ಡೆ. ನಿನಗೇಂತ ಗೊತ್ತಿರ್ಲಿಲ್ಲ.’’

‘‘ಅದು ನಂಗೆ ಇವತ್ತು ಗೊತ್ತಾಯ್ತು. ಇಷ್ಟು ದಿನ ನಿಮ್ಮ ಮೇಲೇ ಕೋಪ ಇತ್ತು. ನೀವೂ ಅವನೂ ಸೇರ್ಕೊಂಡು ನನ್ನ ವಿಷಯ ಮಾತಾಡ್ಕೊಂಡ್ರಿ ಅಂತ.’’ ಮೂಗು ಕೈಗವಸಿಗೆ ಒರೆಸಿಕೊಂಡಳು. ‘‘ಕೊಂಬೆ ಕಡಿಮೆ ಬೀಳುತ್ತಾ?’’

‘‘ಸಾಕಾಗುತ್ತೆ. ಅದಕ್ಕೆ ಇನ್ನೂ ಎರಡು ಹಾಕು.’’

ರಾತ್ರಿ ಟಿಲ್ಡೆ ನಮ್ಮನೆಯಲ್ಲೇ ಉಳಿದಳು. ಭಾನುವಾರ ಮೂರು ಗಂಟೆಗೆ, ಕೊನೆಯ ಗೋರಿಯ ಕೆಲಸ ನಡೆಯುತ್ತಿರುವಾಗ, ಆಸ್ಗರ್ ಕಾರಿನಲ್ಲಿ ಬಂದ. ಹೆಂಡತಿಯನ್ನು ಕರೆದೊಯ್ಯಲು. ಅದೇ ಮೀನುಗಾರರ ಸ್ವೆಟರ್. ಗೇಟಿನಲ್ಲೇ ನಿಂತು ಎದೆಯ ಮೇಲೆ ಕೈಯಿಟ್ಟುಕೊಂಡ. ‘‘ಎಷ್ಟು ಶಾಂತವಾಗಿದೆ,’’ ಅಂದ. ಆಮೇಲೆ ಫೋನ್ ತೆಗೆದು ಹೊದಿಸಿದ ಗೋರಿಗಳ ಫೋಟೊ ತೆಗೆಯತೊಡಗಿದ.

ಟಿಲ್ಡೆ ಒಂದು ಕಟ್ಟು ಕೊಂಬೆ ತಂದು ಅವನ ತೋಳಿಗೆ ಹೇರಿದಳು. ‘‘ಹಿಡ್ಕೋ.’’ ಅಂಟು ಸ್ವೆಟರಿಗೆ ಹತ್ತುತ್ತದೆಂದು ಅವನು ಕಟ್ಟನ್ನು ಮೈಯಿಂದ ದೂರ ಹಿಡಿದ. ಹಾಗೆ ಹಿಡಿದರೆ ಯಾರಿಗೂ ಎರಡು ನಿಮಿಷಕ್ಕಿಂತ ಹೆಚ್ಚು ಆಗುವುದಿಲ್ಲ. ಅವನಿಗೆ ಒಂದೇ ನಿಮಿಷಕ್ಕೆ ಸಾಕಾಯಿತು. ಕೆಳಗಿಟ್ಟ.

‘‘ಆಸ್ಗರ್, ಇಲ್ಲಿ ಬಾ,’’ ಅಂದೆ. ಬಂದು ನನ್ನ ಕುರ್ಚಿಯ ಪಕ್ಕ ಕುಕ್ಕರುಗಾಲಲ್ಲಿ ಕೂತ, ಕೇಳುವವನ ಮುಖ ಮಾಡಿಕೊಂಡು.

‘‘ಏಪ್ರಿಲ್‌ನಲ್ಲಿ ಊಟ ತಗೊಂಡ್ಹೋಗು ಅಂತ ನಿಂಗೆ ಬರೆದಿದ್ದೆ. ತಗೊಂಡ್ಹೋದ್ಯಾ?’’

ಅವನು ಟಿಲ್ಡೆಯ ಕಡೆ ನೋಡಿದ. ಅವಳು ಪಾಚಿ ಒತ್ತುತ್ತಿದ್ದಳು. ಅವನ ಕಣ್ಣಲ್ಲಿ ನೀರು ಬಂತು, ಅದಕ್ಕೇನು, ಅವನಿಗೆ ಬೇಗ ಬರುತ್ತಿತ್ತು. ‘‘ಯುಟ್ಟೆ, ಇದು ನೀವು ಕಲಿಸಿದ್ದರಲ್ಲೇ ಅತ್ಯಂತ ಕಷ್ಟದ ಪಾಠ...’’

‘‘ಪಾಠ ಅಲ್ಲ ಕಣೋ ಇದು, ಪ್ರಶ್ನೆ. ತಗೊಂಡ್ಹೋದ್ಯಾ ಇಲ್ವಾ?’’

‘‘ಇಲ್ಲ,’’ ಅಂದ.

ಅವನ ಬಾಯಿಂದ ಒಂದೇ ಪದದ ಉತ್ತರ ನಾನು ಕೇಳಿದ್ದು ಅದೊಂದೇ ಸಲ. ಅದಕ್ಕೆ ಮುಂದೆ ಏನೂ ಸೇರಿಸಲಿಲ್ಲ ಎಂಬುದನ್ನೂ ಹೇಳಬೇಕು. ಎದ್ದು ಹೋಗಿ ಕಾರಿನಲ್ಲಿ ಕೂತ. ಟಿಲ್ಡೆ ಕೆಲಸ ಮುಗಿಸಿ, ಕಸ ಗುಡಿಸಿ, ಕೈ ತೊಳೆದುಕೊಂಡು ಅವನ ಕಾರಿನ ಪಕ್ಕದಿಂದಲೇ ನಡೆದು ಬಸ್ ನಿಲ್ದಾಣಕ್ಕೆ ಹೋದಳು.

ಮೂರು ಭಾನುವಾರ ಪುಟದಲ್ಲಿ ಏನೂ ಬರಲಿಲ್ಲ. ನಾಚಿಕೆಯಾಯಿತೇನೋ ಎಂದು ನಾನೂ ಏಗೊನೂ ಮಾತಾಡಿಕೊಂಡೆವು. ನಾಲ್ಕನೆಯ ಭಾನುವಾರ ‘ಮೌನ ನನಗೆ ಕಲಿಸಿದ್ದು’ ಎಂದು ಬಂತು. ಫೆಬ್ರವರಿಯಲ್ಲಿ ಟಿಲ್ಡೆ ಬಸ್ ಡಿಪೊ ಹತ್ತಿರ ಬೇರೆ ಮನೆ ಮಾಡಿದಳು. ಮಾರ್ಚ್‌ನಲ್ಲಿ ಆಸ್ಗರ್ ನನ್ನನ್ನು ಸಾಯಿಸಿದ.

ನಿಜವಾಗಿ. ‘ಯುಟ್ಟೆ ಈಗ ನಮ್ಮೊಂದಿಗಿಲ್ಲ. ಬದುಕಿದ್ದ ಹಾಗೆಯೇ, ಸದ್ದಿಲ್ಲದೆ ಹೊರಟರು’ ಎಂದು ಬರೆದ. ಪ್ರಶ್ನೆ ಕೇಳುವ ಯುಟ್ಟೆಗಿಂತ ಹೋದ ಯುಟ್ಟೆ ಅವನಿಗೆ ಅನುಕೂಲ. ಎರಡು ಸಾವಿರ ಜನ ಮೇಣದಬತ್ತಿಯ ಚಿತ್ರ ಹಾಕಿದರು. ಅವತ್ತು ಏಗೊನ್ ಒಂದು ಗೊಂಚಲು ಟ್ಯುಲಿಪ್ ಹಿಡಿದು ಬಂದು ಬಾಗಿಲಲ್ಲಿ ಟೋಪಿ ತೆಗೆದು ನಿಂತ.

‘‘ಹೋದವ್ರಿಗೆ ಕಾಫಿ ಮಾಡೋಕಾಗುತ್ತಾ?’’

‘‘ಒಳಗೆ ಬಾ, ಬಾಗಿಲು ಹಾಕು, ಚಳಿ ಬರ್ತಿದೆ.’’

ದೂರು ಕೊಡು ಎಂದು ಅವನು ಹೇಳಿದ. ಯಾಕೆ ಕೊಡಬೇಕು? ಬದುಕಿದ್ದೇನೆಂದು ಸಾಧಿಸಿದರೆ ಮತ್ತೆ ಬೆಂಚಿನ ಮೇಲೆ ಕೂರಿಸುತ್ತಾನೆ. ಸತ್ತದ್ದೇ ಸುಖ.

ಮೇ ತಿಂಗಳಲ್ಲಿ ಕೈ ಸರಿಹೋಗಿತ್ತು. ಸಮಾಧಿ ತೋಟದಲ್ಲಿ ಕಳೆ ಕೀಳುತ್ತಿದ್ದಾಗ ಒಬ್ಬ ಹೆಂಗಸು ಬಂದಳು. ಅರವತ್ತರ ಹತ್ತಿರ. ಕೈಯಲ್ಲಿ ಹೂವಿನ ಕುಂಡ. ಸ್ಕೀವ್ ಪೇಟೆಯವಳಂತೆ, ಹೆಸರು ಬಿರ್ಥೆ.

‘‘ಯುಟ್ಟೆ ಅಂತ ಒಬ್ರು ಇಲ್ಲಿ ಕೆಲಸ ಮಾಡ್ತಿದ್ರಲ್ಲ, ಅವರನ್ನ ಎಲ್ಲಿ ಇಟ್ಟಿದಾರೆ?’’

‘‘ಇಲ್ಲಿ ಇಟ್ಟಿಲ್ಲ,’’ ಅಂದೆ. ಅದು ಸುಳ್ಳಲ್ಲ.

ಅವಳ ಮುಖ ಬಾಡಿತು. ಬೆಂಡಾದ ಮಂಡಿಯನ್ನು ನೀವಿಕೊಂಡಳು. ಕೂರಿಸಿ ಫ್ಲಾಸ್ಕ್‌ನ ಕಾಫಿ ಕೊಟ್ಟೆ. ಒಂಬತ್ತು ವರ್ಷ ಅಕ್ಕನ ಹತ್ತಿರ ಮಾತು ಬಿಟ್ಟಿದ್ದಳಂತೆ, ಅಪ್ಪನ ಮನೆಯ ಸಾಮಾನು ಹಂಚಿಕೊಳ್ಳುವಾಗ ಆದ ಜಗಳ. ಒಂದು ಹುಟ್ಟುಹಬ್ಬದಲ್ಲಿ ಇಬ್ಬರೂ ಎದುರುಬದುರಾದರು. ಬಾಯಿಗೆ ಬಂದದ್ದನ್ನು ಅಂದುಬಿಡಬೇಕೆಂದು ಹೊರಟವಳಿಗೆ ಯುಟ್ಟೆಯ ಮಾತೊಂದು ನೆನಪಾಯಿತಂತೆ.

‘‘‘ಬಯ್ಯುವ ಮೊದಲು ಅವರ ಕೈ ನೋಡು’ ಅಂತ. ನೋಡಿದೆ. ಅಕ್ಕನ ಬೆರಳೆಲ್ಲ ಸೊಟ್ಟಗಾಗಿ ಗಂಟುಕಟ್ಟಿತ್ತು, ವಾತ. ಕೇಕ್ ಕತ್ತರಿಸೋಕೆ ಚಾಕು ಹಿಡಿಯೋಕಾಗ್ತಿರ್ಲಿಲ್ಲ. ನಾನು ಹೋಗಿ ಚಾಕು ಇಸ್ಕೊಂಡೆ. ಅಷ್ಟೇ. ಈಗ ವಾರಕ್ಕೆ ಎರಡು ಸಲ ಫೋನ್ ಮಾಡ್ತಾಳೆ.’’ ಕುಂಡವನ್ನು ತಿರುಗಿಸಿದಳು. ‘‘ಒಂದ್ಸಲ ಥ್ಯಾಂಕ್ಸ್ ಹೇಳ್ಬೇಕಿತ್ತು ಅವರಿಗೆ.’’

ಆ ಮಾತು ನಾನು ಹೇಳಿದ್ದಲ್ಲ. ಎಷ್ಟು ಹುಡುಕಿದರೂ ನನ್ನ ಯಾವ ಪತ್ರದಲ್ಲೂ ಅದಿಲ್ಲ, ಅಂಥದ್ದು ನನ್ನ ತಲೆಗೆ ಹೊಳೆಯುವುದೂ ಇಲ್ಲ. ನಾನು ಬಯ್ಯುವಾಗ ಯಾರ ಕೈಯನ್ನೂ ನೋಡಿದವಳಲ್ಲ. ಬಿರ್ಥೆಯ ಮುಂದೆ ಏನನ್ನೂ ಬಿಚ್ಚಿ ಹೇಳಲಿಲ್ಲ. ಕುಂಡವನ್ನು ಗೇಟಿನ ಪಕ್ಕ ಬಿಸಿಲು ಬೀಳುವಲ್ಲಿ ಇಡಲು ಹೇಳಿದೆ, ಮೂರೂ ಇಪ್ಪತ್ತರ ಬಸ್ಸಿಗೆ ಹೊತ್ತಾಗುತ್ತದೆ ಎಂದೆ.

ಸಂಜೆ ಟಿಲ್ಡೆಗೆ ಫೋನ್ ಮಾಡಿ ನಡೆದದ್ದನ್ನು ಹೇಳಿದೆ.

‘‘ಕೈ ನೋಡು ಅನ್ನೋದಾ?’’ ಅಂದಳು. ಹಿಂದೆ ಎಲ್ಲೋ ಬಸ್ಸು ರಿವರ್ಸ್ ತೆಗೆಯುವ ಪೀಂ ಪೀಂ ಕೇಳುತ್ತಿತ್ತು. ‘‘ಅದು ಅವನದ್ದೇ. ಮದುವೆಯಾದ ಹೊಸದರಲ್ಲಿ ನಂಗೆ ಹೇಳಿದ್ದ. ನಮ್ಮಪ್ಪನ ಜೊತೆ ನಾನು ಜಗಳಕ್ಕೆ ಹೊರಟಾಗ.’’

‘‘ಒಳ್ಳೆ ಮಾತು,’’ ಅಂದೆ. ಹೇಳಲು ಕಷ್ಟವಾಯಿತು.

‘‘ಹೂಂ. ಒಳ್ಳೆ ಮಾತು.’’ ಆಮೇಲೆ ಕೇಳಿದಳು, ‘‘ಯುಟ್ಟೆ, ಈ ಹೊಸ ಮನೆ ಮುಂದೆ ಬೇಲಿಗಿಡ ಇದೆ, ನಂಗೆ ಎದೆಮಟ್ಟ ಬಂದಿದೆ. ಈ ತಿಂಗಳೇ ಕತ್ತರಿಸ್ಲಾ, ಜೂನ್‌ವರೆಗೂ ಬಿಡ್ಲಾ?’’

‘‘ಒಳಗೆ ಹಕ್ಕಿ ಗೂಡು ಇದ್ಯಾ ನೋಡು ಮೊದ್ಲು,’’ ಅಂದೆ. ನೋಡಿ ಬರುತ್ತೇನೆಂದು ಅವಳು ಫೋನ್ ಇಟ್ಟಳು.